ಎಂಟನೇ ತರಗತಿಯ ಮೊದಲ ಆರು ವಾರ: ಶಾಲಾ ಶಿಕ್ಷಣ ಇಲಾಖೆಗೆ ಬಹಿರಂಗ ಪತ್ರ

ಶಾಲಾ ಶಿಕ್ಷಣ ಇಲಾಖೆಯ ಮಾನ್ಯ ಆಯುಕ್ತರಿಗೆ, ಎನ್‌ಸಿಸಿ ಕರ್ನಾಟಕ ಮತ್ತು ಗೋವಾ ನಿರ್ದೇಶನಾಲಯದ ಅಧಿಕಾರಿಗಳಿಗೆ, ರಾಜ್ಯದ ಸರ್ಕಾರಿ ಪ್ರೌಢಶಾಲೆಗಳ ಮುಖ್ಯ ಶಿಕ್ಷಕರಿಗೆ ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಿಗೆ,

ನಮಸ್ಕಾರ.

ಪ್ರೌಢಶಾಲೆಗಳಲ್ಲಿ ಆಟದ ಪೀರಿಯಡ್, ಎನ್‌ಸಿಸಿ ಪೆರೇಡ್ ಮತ್ತು ವೃತ್ತಿ ಮಾರ್ಗದರ್ಶನ ನಡೆಸುವ ಶಿಕ್ಷಕರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ನಮ್ಮ ಕೋರಿಕೆ ಒಂದೇ. ಈ ಮೂರೂ ಕೆಲಸಗಳು ಎಂಟನೇ ತರಗತಿಯ ಜೂನ್ ತಿಂಗಳಲ್ಲಿ, ಒಟ್ಟಿಗೆ ಶುರುವಾಗಬೇಕು. ಈಗ ಹಾಗಿಲ್ಲ. ಕ್ರೀಡಾಕೂಟ ಹತ್ತಿರ ಬಂದಾಗ ಮೈದಾನಕ್ಕೆ ಸುಣ್ಣ ಬೀಳುತ್ತದೆ. ಬೆಟಾಲಿಯನ್ನಿನಿಂದ ಪತ್ರ ಬಂದಾಗ ಎನ್‌ಸಿಸಿ ನೆನಪಾಗುತ್ತದೆ. ಎಸ್ಸೆಸ್ಸೆಲ್ಸಿ ಮಕ್ಕಳನ್ನು ಬೀಳ್ಕೊಡುವ ಹೊತ್ತಿಗೆ ‘ಮುಂದೇನು’ ಎಂಬ ಭಾಷಣ ಏರ್ಪಾಡಾಗುತ್ತದೆ. ಅಷ್ಟು ಹೊತ್ತಿಗೆ ಮಗುವಿಗೆ ಸಿಗಬೇಕಾಗಿದ್ದ ಎಷ್ಟೋ ಅವಕಾಶಗಳ ಗಡುವು ಎರಡು ವರ್ಷ ಹಿಂದೆಯೇ ಮುಗಿದಿರುತ್ತದೆ.

ಆ ಗಡುವುಗಳನ್ನು ಒಮ್ಮೆ ಸಾಲಾಗಿ ನೋಡಬೇಕು. ಎನ್‌ಸಿಸಿ ಕಿರಿಯ ವಿಭಾಗದ ತರಬೇತಿ ಎರಡು ವರ್ಷದ್ದು. ಎಂಟರಲ್ಲಿ ಸೇರಿದ ಮಗು ಒಂಬತ್ತರ ಕೊನೆಗೆ ‘ಎ’ ಸರ್ಟಿಫಿಕೇಟ್ ಪರೀಕ್ಷೆ ಮುಗಿಸಿ ಹತ್ತನೇ ತರಗತಿಯನ್ನು ಓದಿಗೆ ಇಟ್ಟುಕೊಳ್ಳಬಹುದು. ಒಂಬತ್ತರಲ್ಲಿ ಸೇರಿದರೆ ಎರಡನೇ ವರ್ಷ ಎಸ್ಸೆಸ್ಸೆಲ್ಸಿಯ ಮೇಲೆಯೇ ಬಂದು ಬೀಳುತ್ತದೆ. ವಿಶೇಷ ತರಗತಿ, ಪೂರ್ವಸಿದ್ಧತಾ ಪರೀಕ್ಷೆಗಳ ನಡುವೆ ಪೆರೇಡ್ ಹಾಜರಾತಿ ಕಡಿಮೆಯಾಗಿ ಸರ್ಟಿಫಿಕೇಟ್ ಕೈತಪ್ಪುತ್ತದೆ. ಎನ್‌ಎಂಎಂಎಸ್ ವಿದ್ಯಾರ್ಥಿವೇತನದ ಪರೀಕ್ಷೆ ಬರೆಯಲು ಸಿಗುವುದು ಎಂಟನೇ ತರಗತಿಯಲ್ಲಿ ಮಾತ್ರ. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000 ರೂಪಾಯಿ. ಕುಟುಂಬದ ವಾರ್ಷಿಕ ಆದಾಯ 3.5 ಲಕ್ಷ ಮೀರಬಾರದು, ಏಳನೇ ತರಗತಿಯಲ್ಲಿ ಶೇ 55 ಅಂಕ ಇರಬೇಕು. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಶೇ 50 ಸಾಕು. ಸೈನಿಕ ಶಾಲೆಗಳಿಗೆ ಪ್ರವೇಶ ಪರೀಕ್ಷೆ ಇರುವುದು ಆರನೇ ಮತ್ತು ಒಂಬತ್ತನೇ ತರಗತಿಗೆ. ವಿಜಯಪುರಕ್ಕೋ ಕೊಡಗಿಗೋ ಒಂಬತ್ತಕ್ಕೆ ಹೋಗಬೇಕೆನ್ನುವವರು ಎಂಟರಲ್ಲಿದ್ದಾಗಲೇ ಪರೀಕ್ಷೆ ಬರೆಯಬೇಕು. ನವೋದಯ ವಿದ್ಯಾಲಯದ ಒಂಬತ್ತನೇ ತರಗತಿಯ ಖಾಲಿ ಸೀಟುಗಳಿಗೂ ಇದೇ ಲೆಕ್ಕ. ಶಾಲಾ ಕ್ರೀಡಾಕೂಟದ 14 ವರ್ಷದೊಳಗಿನ ವಿಭಾಗದಲ್ಲಿ ಆಡಲು ಎಂಟನೇ ತರಗತಿಯ ಹೆಚ್ಚಿನ ಮಕ್ಕಳಿಗೆ ಅದೇ ಕೊನೆಯ ವರ್ಷ. ಎನ್‌ಎಸ್‌ಕ್ಯೂಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ವೃತ್ತಿಪರ ವಿಷಯಗಳಿರುವ ಶಾಲೆಗಳಲ್ಲಿ ಆಟೊಮೊಬೈಲ್, ಐಟಿ, ರೀಟೇಲ್‌ನಂಥ ವಿಷಯವನ್ನು ತೃತೀಯ ಭಾಷೆಯ ಜಾಗದಲ್ಲಿ ತೆಗೆದುಕೊಳ್ಳಬೇಕೇ ಎಂಬ ತೀರ್ಮಾನ ಒಂಬತ್ತಕ್ಕೆ ಕಾಲಿಡುವಾಗಲೇ ಆಗಬೇಕು.

ಇಷ್ಟೆಲ್ಲ ಗಡುವುಗಳು ಬಂದು ಕೂಡುವ ವರ್ಷದಲ್ಲೇ ಮಗು ಹಳೆಯ ಶಾಲೆ ಬಿಟ್ಟು ಹೊಸ ಶಾಲೆಗೆ ಬಂದಿರುತ್ತದೆ. ಶಿಕ್ಷಕರಿಗೆ ಮಗುವಿನ ಪರಿಚಯವಿಲ್ಲ, ಮಗುವಿಗೆ ಶಾಲೆಯ ಪರಿಚಯವಿಲ್ಲ. ಎಂಟನೇ ತರಗತಿಯವರೆಗೂ ಇರುವ ಹಿರಿಯ ಪ್ರಾಥಮಿಕ ಶಾಲೆಗಳಿಂದ ನೇರವಾಗಿ ಒಂಬತ್ತಕ್ಕೆ ಬರುವ ಮಕ್ಕಳ ಪಾಡು ಇನ್ನೂ ಕಷ್ಟ. ಅವರು ಪ್ರೌಢಶಾಲೆಯ ಗೇಟು ದಾಟುವಷ್ಟರಲ್ಲಿ ಮೇಲೆ ಹೇಳಿದ್ದರಲ್ಲಿ ಬಹುಪಾಲು ಮುಗಿದಿರುತ್ತದೆ. ಆ ಶಾಲೆಗಳ ಎಂಟನೇ ತರಗತಿಯ ಮಕ್ಕಳನ್ನು ಹತ್ತಿರದ ಪ್ರೌಢಶಾಲೆಯ ಜೊತೆ ಸೇರಿಸಿಕೊಂಡು ಮಾಹಿತಿ, ದೈಹಿಕ ಪರೀಕ್ಷೆ, ಅರ್ಜಿ ಈ ಮೂರನ್ನಾದರೂ ಒಟ್ಟಿಗೆ ನಡೆಸುವ ಜವಾಬ್ದಾರಿಯನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ಹೊರಬೇಕು.

ಮೊದಲ ವಾರದ ಕೆಲಸ ಕಾಗದಪತ್ರದ್ದು. ಇದನ್ನು ಗುಮಾಸ್ತರ ಕೆಲಸವೆಂದು ಪಕ್ಕಕ್ಕಿಡುವುದರಿಂದಲೇ ಮುಂದಿನ ಅರ್ಧ ತೊಂದರೆ ಹುಟ್ಟುತ್ತದೆ. ಟಿಸಿ, ಎಸ್‌ಎಟಿಎಸ್ (ವಿದ್ಯಾರ್ಥಿಗಳ ಆನ್‌ಲೈನ್ ವ್ಯವಸ್ಥೆ) ದಾಖಲೆ, ಆಧಾರ್, ಜನನ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಈ ಐದರಲ್ಲಿ ಮಗುವಿನ ಹೆಸರು ಅಕ್ಷರ ಅಕ್ಷರ ಒಂದೇ ಆಗಿರಬೇಕು. ನಮ್ಮಲ್ಲಿ ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ತಂದೆಯ ಹೆಸರಾಗಿ ಬಿಡಿಸಿ ಬರೆದಿರುತ್ತದೆ. ಎನ್‌ಸಿಸಿ ನೋಂದಣಿ ಆನ್‌ಲೈನ್ ಆಗಿದೆ, ಸಮವಸ್ತ್ರದ ಭತ್ಯೆ ಕೆಡೆಟ್‌ನ ಖಾತೆಗೇ ನೇರವಾಗಿ ಜಮೆಯಾಗುತ್ತದೆ, ವಿದ್ಯಾರ್ಥಿವೇತನವೂ ಅಷ್ಟೆ. ಹೆಸರು ತಾಳೆಯಾಗದಿದ್ದರೆ, ಖಾತೆಗೆ ಆಧಾರ್ ಜೋಡಣೆ ಆಗದಿದ್ದರೆ, ಅಥವಾ ಕೆಳಗಿನ ತರಗತಿಯಲ್ಲಿ ತೆರೆದ ಖಾತೆ ವ್ಯವಹಾರವಿಲ್ಲದೆ ನಿಷ್ಕ್ರಿಯವಾಗಿದ್ದರೆ ಹಣ ಬಾರದು. ಜೂನ್‌ನಲ್ಲಿ ಐದೂ ದಾಖಲೆಯನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ತರಗತಿಗೆ ಒಂದು ಮಧ್ಯಾಹ್ನ ಸಾಕು. ತಪ್ಪಿದೆಯೆಂದು ಅರ್ಜಿಯ ಕೊನೆಯ ದಿನ ಗೊತ್ತಾದರೆ ತಿದ್ದಲು ಸಮಯವೇ ಇರುವುದಿಲ್ಲ.

ಇದೇ ವಾರದಲ್ಲಿ ಮಾಡಬೇಕಾದ ಇನ್ನೊಂದು ಕೆಲಸವಿದೆ. ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಮತ್ತು ಕನ್ನಡ ಮಾಧ್ಯಮ ಮೀಸಲಾತಿ ಕೇಳಲು ಒಂದರಿಂದ ಹತ್ತನೇ ತರಗತಿಯವರೆಗೆ ಪೂರ್ತಿ ಹತ್ತು ವರ್ಷದ ವ್ಯಾಸಂಗ ಪ್ರಮಾಣಪತ್ರ ಬೇಕು, ಅದಕ್ಕೆ ಬಿಇಒ ಮೇಲುರುಜು ಬೇಕು. ಮೊದಲ ಏಳು ವರ್ಷದ ದಾಖಲೆ ಇರುವುದು ಹಳೆಯ ಶಾಲೆಯಲ್ಲಿ. ಟಿಸಿ ತರಲು ಹೋದ ದಿನವೇ ಆ ಏಳು ವರ್ಷದ ವ್ಯಾಸಂಗ ಪ್ರಮಾಣಪತ್ರವನ್ನೂ ತೆಗೆದುಕೊಂಡು ಬಂದರೆ ಮುಗಿಯಿತು. ಪಿಯುಸಿ ನಂತರ ಹುಡುಕಲು ಹೊರಟರೆ ಮುಖ್ಯ ಶಿಕ್ಷಕರು ಬದಲಾಗಿರುತ್ತಾರೆ, ಕೆಲವು ಕಡೆ ಶಾಲೆಯೇ ಬೇರೆ ಶಾಲೆಯೊಂದಿಗೆ ವಿಲೀನವಾಗಿರುತ್ತದೆ.

ಎರಡನೇ ಮತ್ತು ಮೂರನೇ ವಾರ ಮೈದಾನದ್ದು. ಪ್ರತಿ ಮಗುವಿನ ದೈಹಿಕ ಸಾಮರ್ಥ್ಯವನ್ನು ಅಳೆದು ಬರೆದಿಡಬೇಕು. ಖೇಲೋ ಇಂಡಿಯಾ ಸಾಮರ್ಥ್ಯ ಪರೀಕ್ಷೆಯಲ್ಲಿ ಈ ವಯಸ್ಸಿಗೆ ಆರು ಅಳತೆಗಳಿವೆ: ಎತ್ತರ ಮತ್ತು ತೂಕದಿಂದ ಬಿಎಂಐ, 50 ಮೀಟರ್ ಓಟ, 600 ಮೀಟರ್ ಓಟ ಅಥವಾ ನಡಿಗೆ, ಕುಳಿತು ಮುಂದಕ್ಕೆ ಬಾಗುವುದು, ಅರ್ಧ ಮೇಲೇಳುವ ಹೊಟ್ಟೆ ವ್ಯಾಯಾಮ, ಪುಷ್‌ಅಪ್. ಹೆಣ್ಣುಮಕ್ಕಳಿಗೆ ಮೊಣಕಾಲೂರಿದ ಪುಷ್‌ಅಪ್. ಆ್ಯಪ್‌ನಲ್ಲಿ ಅಂಕಿ ತುಂಬಿದ್ದಾರೆಯೇ ಎಂದು ಇಲಾಖೆ ಕೇಳುತ್ತದೆ, ಹೇಗೆ ಅಳೆದರು ಎಂದು ಯಾರೂ ಕೇಳುವುದಿಲ್ಲ. ತಪ್ಪು ನುಸುಳುವುದು ಅಳತೆಯಲ್ಲಿಯೇ.

200 ಮೀಟರ್ ಟ್ರ್ಯಾಕ್ ಹಾಕುವಷ್ಟು ಜಾಗ ಹೆಚ್ಚಿನ ಶಾಲೆಗಳಲ್ಲಿಲ್ಲ. 30 ಮೀಟರ್ ಉದ್ದ, 20 ಮೀಟರ್ ಅಗಲದ ಆಯತ ಎಳೆದರೆ ಸುತ್ತಳತೆ 100 ಮೀಟರ್. ಆರು ಸುತ್ತಿಗೆ 600. ಮೂಲೆಗಳಲ್ಲಿ ಮಕ್ಕಳು ಒಳಗೆ ನುಸುಳದಂತೆ ಕೋನ್ ಅಥವಾ ಮಣ್ಣು ತುಂಬಿದ ಬಾಟಲಿ ಇಡಬೇಕು. ಚೂಪು ಮೂಲೆಯಲ್ಲಿ ವೇಗ ತಗ್ಗುವುದರಿಂದ ಈ ಸಮಯವನ್ನು ದೊಡ್ಡ ಮೈದಾನದ ಸಮಯದೊಂದಿಗೆ ಹೋಲಿಸಬಾರದು, ಅದೇ ಮೈದಾನದಲ್ಲಿ ಜನವರಿಯಲ್ಲಿ ಮತ್ತೆ ಅಳೆದ ಸಮಯದೊಂದಿಗೆ ಹೋಲಿಸಬೇಕು. ಒಮ್ಮೆಗೆ ಎಂಟು ಹತ್ತು ಮಕ್ಕಳಿಗಿಂತ ಹೆಚ್ಚು ಓಡಿಸಿದರೆ ಸುತ್ತಿನ ಲೆಕ್ಕ ತಪ್ಪುತ್ತದೆ, ಆದ್ದರಿಂದ ಓಡುವವನೊಬ್ಬನಿಗೆ ಎಣಿಸುವವನೊಬ್ಬನಂತೆ ಜೋಡಿ ಮಾಡಬೇಕು. ಮೊದಲ ಸುತ್ತನ್ನೇ ಶಕ್ತಿಮೀರಿ ಓಡಿ ಮೂರನೆಯದರಲ್ಲಿ ಪಕ್ಕೆ ಹಿಡಿದು ನಿಲ್ಲುವುದು ಹೊಸಬರ ಸಾಮಾನ್ಯ ಕಥೆ. ಹಿಂದಿನ ದಿನ ಎರಡು ಸುತ್ತು ಮಾತಾಡಿಕೊಂಡು ಓಡುವ ವೇಗದಲ್ಲಿ ಓಡಿಸಿದರೆ ಅದು ನಿಲ್ಲುತ್ತದೆ. 50 ಮೀಟರ್ ಓಟಕ್ಕೆ ಗೆರೆಯಾಚೆ ಕನಿಷ್ಠ 15 ಮೀಟರ್ ಖಾಲಿ ಜಾಗ ಬೇಕು. ಗೆರೆಯ ಹಿಂದೆಯೇ ಕಾಂಪೌಂಡ್ ಗೋಡೆ ಇದ್ದರೆ ಮಗು 40 ಮೀಟರಿಗೇ ಬ್ರೇಕ್ ಹಾಕುತ್ತದೆ, ಇಲ್ಲವೇ ಗೋಡೆಗೆ ಹೊಡೆದುಕೊಳ್ಳುತ್ತದೆ. ಸ್ಟಾಪ್‌ವಾಚ್ ಒತ್ತಬೇಕಾದದ್ದು ಬಾವುಟ ಕೆಳಗಿಳಿದದ್ದನ್ನು ನೋಡಿ, ಸೀಟಿ ಕೇಳಿಸಿದಾಗಲ್ಲ.

ತೂಕವನ್ನು ಕಿಲೋಗ್ರಾಂನಲ್ಲಿ, ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಎತ್ತರವನ್ನು ಎತ್ತರದಿಂದ ಗುಣಿಸಿ ಅದರಿಂದ ತೂಕವನ್ನು ಭಾಗಿಸಿದರೆ ಬಿಎಂಐ. 40 ಕಿಲೋ, 1.50 ಮೀಟರ್ ಇರುವ ಮಗುವಿಗೆ 17.8. ದೊಡ್ಡವರಿಗೆ 18.5ಕ್ಕಿಂತ ಕಡಿಮೆ ಎಂದರೆ ಕಡಿಮೆ ತೂಕ. ಅದೇ ಗೆರೆಯನ್ನು ಹದಿಮೂರರ ಮಗುವಿಗೆ ಎಳೆಯಬಾರದು. ಮಕ್ಕಳಿಗೆ ವಯಸ್ಸು ಮತ್ತು ಲಿಂಗಕ್ಕೆ ತಕ್ಕ ಪಟ್ಟಿ ಬೇರೆಯೇ ಇದೆ, ಅದನ್ನೇ ನೋಡಬೇಕು. ತೂಕವನ್ನು ತರಗತಿಯ ಮುಂದೆ ಜೋರಾಗಿ ಓದುವ ಅಭ್ಯಾಸವನ್ನು ದಯವಿಟ್ಟು ಎಲ್ಲರೂ ಬಿಡಬೇಕು. ದಪ್ಪಗಿರುವ ಮಗು ಅವತ್ತಿನಿಂದ ಆಟದ ಪೀರಿಯಡ್‌ನಲ್ಲಿ ತಲೆನೋವೆಂದು ಕೋಣೆಯಲ್ಲೇ ಕೂರುತ್ತದೆ, ನಿಜಕ್ಕೂ ಆಟ ಹೆಚ್ಚು ಬೇಕಾಗಿದ್ದದ್ದು ಅದಕ್ಕೇ.

ಆಟದ ಪೀರಿಯಡ್ ಬಗ್ಗೆ ನಮ್ಮ ಅಭಿಪ್ರಾಯ ಕಟುವಾಗಿದೆ. ಅರವತ್ತು ಮಕ್ಕಳ ತರಗತಿಗೆ ಒಂದು ವಾಲಿಬಾಲ್ ಕೊಟ್ಟರೆ ಹನ್ನೆರಡು ಜನ ಆಡುತ್ತಾರೆ, ನಲವತ್ತೆಂಟು ಜನ ಮರದಡಿ ಕೂರುತ್ತಾರೆ. ಆ ನಲವತ್ತೆಂಟರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕೆನ್ನುತ್ತದೆ. ಅದರಲ್ಲಿ ವಾರಕ್ಕೆ ಕನಿಷ್ಠ ಮೂರು ದಿನ ಏದುಸಿರು ಬರುವಂಥದ್ದು, ಸ್ನಾಯು ಮತ್ತು ಮೂಳೆ ಗಟ್ಟಿ ಮಾಡುವಂಥದ್ದು ಇರಬೇಕು. ಕೂತು ನೋಡುವ ಪೀರಿಯಡ್ ಇದಕ್ಕೆ ಒಂದು ನಿಮಿಷವನ್ನೂ ಸೇರಿಸುವುದಿಲ್ಲ. 40 ನಿಮಿಷವನ್ನು ಹೀಗೆ ಹಂಚಬಹುದು: ಓಡುತ್ತ, ಕೈಕಾಲು ಬೀಸುತ್ತ ಮೈ ಬೆಚ್ಚಗಾಗಿಸಲು 5 ನಿಮಿಷ, ಹದಿನೈದು ಮಕ್ಕಳ ನಾಲ್ಕು ಗುಂಪು, ನಾಲ್ಕು ಜಾಗ, ಒಂದೊಂದಕ್ಕೆ 7 ನಿಮಿಷ ಮತ್ತು ಬದಲಾಗಲು 1 ನಿಮಿಷ, ಕೊನೆಗೆ ನಿಧಾನ ನಡಿಗೆ, ಸ್ನಾಯು ಎಳೆತಕ್ಕೆ 3 ನಿಮಿಷ. ಒಂದು ಜಾಗದಲ್ಲಿ ಹಗ್ಗ ಜಿಗಿತ, ಒಂದರಲ್ಲಿ ಕಬಡ್ಡಿಯ ಕಾಲು ಚಲನೆ, ಒಂದರಲ್ಲಿ ರಿಲೇ ಕೋಲು ಬದಲಾಯಿಸುವುದು, ಒಂದರಲ್ಲಿ ಎಸೆತ. ಹಗ್ಗದ ನಡುಭಾಗವನ್ನು ತುಳಿದು ನಿಂತು ಎರಡು ತುದಿ ಮೇಲೆತ್ತಿದರೆ ಕಂಕುಳವರೆಗೆ ಬರಬೇಕು. ಅದಕ್ಕಿಂತ ಉದ್ದವಿದ್ದರೆ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ಸಮಗ್ರ ಶಿಕ್ಷಣದಡಿ ಪ್ರೌಢಶಾಲೆಗೆ ವರ್ಷಕ್ಕೆ 25,000 ರೂಪಾಯಿವರೆಗೆ ಕ್ರೀಡಾ ಅನುದಾನಕ್ಕೆ ಅವಕಾಶವಿದೆ. ಅದು ವರ್ಷದ ಕೊನೆಗೆ ಬಂದರೆ ಟ್ರೋಫಿಗೆ, ಶಾಮಿಯಾನಕ್ಕೆ ಹೋಗುತ್ತದೆ. ಜೂನ್‌ನಲ್ಲಿ ಬಂದರೆ ಹಗ್ಗ, ಕೋನ್, ಅಳತೆ ಟೇಪು, ಎರಡು ಸ್ಟಾಪ್‌ವಾಚ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಆಗುತ್ತದೆ.

ಗಾಯಗಳಲ್ಲಿ ಹೆಚ್ಚಿನವು ಆಟದಿಂದ ಆಗುವಂಥವಲ್ಲ, ನೆಲದಿಂದ ಆಗುವಂಥವು. ಉದ್ದಜಿಗಿತದ ಗುಂಡಿಯ ಮರಳು ಮಳೆಗೆ ನೆನೆದು ಒಣಗಿದ ಮೇಲೆ ಕಲ್ಲಾಗಿರುತ್ತದೆ. ಪ್ರತಿ ಸಲ ಮಕ್ಕಳು ಜಿಗಿಯುವ ಮೊದಲು ಒಂದು ಅಡಿ ಆಳ ಅಗೆದು ಸಡಿಲಗೊಳಿಸಬೇಕು, ಅಗೆದ ಗುದ್ದಲಿಯನ್ನು ಗುಂಡಿಯ ಅಂಚಿನಲ್ಲಿ ಬಿಡಬಾರದು. ಕಬಡ್ಡಿ ಅಂಕಣದ ಮಣ್ಣನ್ನು ಅಗೆದು, ಹೆಂಟೆ ಒಡೆದು, ಕಲ್ಲು ಗಾಜು ಆರಿಸಿ, ಹಿಂದಿನ ಸಂಜೆ ನೀರು ಚಿಮುಕಿಸಿಟ್ಟರೆ ಮಂಡಿ ಮೊಣಕೈ ಉಳಿಯುತ್ತವೆ. ಬಯಲುಸೀಮೆಯಲ್ಲಿ ಫೆಬ್ರುವರಿಯಿಂದಾಚೆ ಆಟದ ಪೀರಿಯಡ್ಡನ್ನು ಬೆಳಗಿನ ಮೊದಲ ಎರಡು ಅವಧಿಯೊಳಗೇ ಹಾಕಬೇಕು, ಊಟವಾದ ಕೂಡಲೇ ಬರುವ ಅವಧಿಗೆ ಬೇಡ. ಬಿಸಿಲಲ್ಲಿ ಓಡಿದ ಮಗು ತೊದಲಿದರೆ, ಅಸಂಬದ್ಧ ಮಾತಾಡಿದರೆ, ನಡಿಗೆ ತಪ್ಪಿದರೆ ಅದು ಬರೀ ಸುಸ್ತಲ್ಲ, ಪ್ರಾಣಕ್ಕೆ ಅಪಾಯ. ನೆರಳಿಗೆ ತಂದು, ಮೈಮೇಲೆಲ್ಲ ನೀರು ಸುರಿದು, ಗಾಳಿ ಬೀಸುತ್ತಲೇ 108ಕ್ಕೆ ಕರೆ ಮಾಡಬೇಕು. ಆಂಬುಲೆನ್ಸ್ ಬರುವವರೆಗೂ ತಂಪು ಮಾಡುವುದನ್ನು ನಿಲ್ಲಿಸಬಾರದು, ಎಚ್ಚರವಿಲ್ಲದ ಬಾಯಿಗೆ ನೀರು ಹಾಕಬಾರದು.

ಮುಟ್ಟಿನ ದಿನಗಳಲ್ಲಿ ಹೆಣ್ಣುಮಕ್ಕಳನ್ನು ಮೈದಾನದಿಂದ ಕಳಿಸಿಬಿಡುವ ರೂಢಿಗೆ ವೈದ್ಯಕೀಯ ಕಾರಣವಿಲ್ಲ. ಆಡಬೇಕೇ ಬೇಡವೇ ಎಂಬುದನ್ನು ಆಕೆಯೇ ಹೇಳಲಿ. ಆಡಬೇಕೆಂದರೆ ಬೇಕಾಗುವುದು ಬಟ್ಟೆ ಬದಲಾಯಿಸಲು ಚಿಲಕವಿರುವ ಒಂದು ಕೋಣೆ, ನೀರಿರುವ ಶೌಚಾಲಯ, ಪ್ಯಾಡ್. ಆಟಕ್ಕೆ ಚೂಡಿದಾರದ ವೇಲ್ ಬೇಡ ಎಂದು ಶಾಲೆಯೇ ಬರೆದು ಕೊಟ್ಟರೆ ಮನೆಯಲ್ಲಿ ಮಾತು ಸುಲಭವಾಗುತ್ತದೆ.

ಈಗ ಎನ್‌ಸಿಸಿ. 1946ರಲ್ಲಿ ಪಂಡಿತ್ ಹೃದಯನಾಥ ಕುಂಜ್ರು ಅವರ ಸಮಿತಿ ಶಿಫಾರಸು ಮಾಡಿತು, 1948ರಲ್ಲಿ ಕಾಯ್ದೆಯಾಯಿತು, ಅದೇ ವರ್ಷ ಜುಲೈ 15ರಂದು ಎನ್‌ಸಿಸಿ ಅಸ್ತಿತ್ವಕ್ಕೆ ಬಂತು. ಮಗುವನ್ನು ಯುದ್ಧಕ್ಕೆ ಕಳಿಸುತ್ತಾರೆಯೇ ಎಂದು ಕೇಳುವ ಪೋಷಕರು ಇಂದಿಗೂ ಇದ್ದಾರೆ. ಎನ್‌ಸಿಸಿ ಸದಸ್ಯತ್ವದ ಕಾರಣಕ್ಕೆ ಯಾರೂ ಸಕ್ರಿಯ ಸೇನಾ ಸೇವೆಗೆ ಬದ್ಧರಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಒಪ್ಪಿಗೆ ಪತ್ರದ ಮೊದಲ ಸಾಲಿನಲ್ಲೇ ಇದನ್ನು ಕನ್ನಡದಲ್ಲಿ ಅಚ್ಚು ಹಾಕಿಸಬೇಕು.

ಆಯ್ಕೆಯ ದಿನ ಎತ್ತರದ ಮಕ್ಕಳನ್ನು ಸಾಲಿನಿಂದ ಹೊರಗೆಳೆದು ನಿಲ್ಲಿಸುವುದು ಬಹಳ ಕಡೆ ನಡೆಯುವ ಪದ್ಧತಿ. ಎಂಟನೇ ತರಗತಿಯಲ್ಲಿ ಎತ್ತರವೆಂದರೆ ಬಹುಪಾಲು ಬೇಗ ಬೆಳೆದವರು ಯಾರು ಎಂಬುದಷ್ಟೇ. ಎರಡು ವರ್ಷದಲ್ಲಿ ಸಾಲು ಅದಲುಬದಲಾಗುತ್ತದೆ. ಜೂನ್‌ನಲ್ಲಿ ಅಳೆದ 600 ಮೀಟರ್ ಮತ್ತು ಪುಷ್‌ಅಪ್ ದಾಖಲೆ ಕೈಯಲ್ಲಿದ್ದರೆ, ಏಳನೇ ತರಗತಿಯ ಹಾಜರಾತಿ ಮತ್ತು ಮಗುವಿನ ಆಸಕ್ತಿಯನ್ನೂ ಸೇರಿಸಿ ಆರಿಸಬಹುದು. ಮೈದಾನದ ದಾಖಲೆ ಎನ್‌ಸಿಸಿಗೆ ಮೊದಲು ಬರಬೇಕೆಂದು ನಾವು ಒತ್ತಿ ಹೇಳುವುದು ಇದಕ್ಕೇ. ದೂರದ ಹಳ್ಳಿಯ ಮಕ್ಕಳನ್ನು ಬಿಡಬಾರದು. ಪೆರೇಡನ್ನು ಸಂಜೆ ಶಾಲೆ ಬಿಟ್ಟ ಮೇಲೆ ಇಟ್ಟರೆ ಅವರಿಗೆ ಕೊನೆಯ ಬಸ್ಸು ತಪ್ಪುತ್ತದೆ; ಒಂದು ತಿಂಗಳು ಹೇಗೋ ಬಂದು ಆಮೇಲೆ ನಿಲ್ಲಿಸುತ್ತಾರೆ. ಶನಿವಾರ ಬೆಳಗಿನ ಶಾಲೆಗೆ ಹೊಂದಿಸಿ ಪೆರೇಡ್ ಇಟ್ಟ ಕಡೆ ಹಾಜರಾತಿ ಉಳಿಯುತ್ತದೆ. ‘ಎ’ ಸರ್ಟಿಫಿಕೇಟ್ ಪರೀಕ್ಷೆಗೆ ಕೂರಲು ಪೆರೇಡ್‌ನಲ್ಲಿ ಶೇ 75 ಹಾಜರಾತಿ ಮತ್ತು ಒಂದು ಶಿಬಿರ ಬೇಕು, ಹಾಗಾಗಿ ಪ್ರತಿ ತಿಂಗಳ ಕೊನೆಗೆ ಶೇಕಡಾವಾರು ಲೆಕ್ಕವನ್ನು ಸೂಚನಾ ಫಲಕಕ್ಕೆ ಹಾಕಬೇಕು. ಎರಡನೇ ವರ್ಷದ ಡಿಸೆಂಬರ್‌ನಲ್ಲಿ ಗೊತ್ತಾಗಿ ಪ್ರಯೋಜನವಿಲ್ಲ.

ಡ್ರಿಲ್ ಕಲಿಸುವಾಗ ಆತುರ ಬೇಡ. ಸಾವಧಾನ್‌ನಲ್ಲಿ ಹಿಮ್ಮಡಿ ಕೂಡಿ, ಪಾದಗಳ ನಡುವೆ 30 ಡಿಗ್ರಿ ಕೋನ. ವಿಶ್ರಾಮ್‌ನಲ್ಲಿ ಎಡಗಾಲು 12 ಇಂಚು ದೂರ. ಇವೆರಡು ಗಟ್ಟಿಯಾಗದೆ ತೇಜ್ ಚಲ್‌ಗೆ (ವೇಗದ ನಡಿಗೆಗೆ) ಹೋದರೆ ಸಾಲು ಎಂದೂ ನೇರವಾಗದು. 30 ಇಂಚಿನ ಹೆಜ್ಜೆ ದೊಡ್ಡವರ ಅಳತೆ. ಗಿಡ್ಡ ಮಕ್ಕಳು ಅದನ್ನು ಹಿಡಿಯಲು ಸೊಂಟ ತಿರುಗಿಸಿ ನಡೆಯುತ್ತಾರೆ, ಕೈ ಬೀಸು ಕೆಡುತ್ತದೆ. ನೆಲದ ಮೇಲೆ ಸುಣ್ಣದ ಗೆರೆ ಎಳೆದು ಮೊದಲು ಅವರ ಹೆಜ್ಜೆಗೆ ಅಭ್ಯಾಸ ಮಾಡಿಸಿ, ಆಮೇಲೆ ತಾಳಕ್ಕೆ ಬನ್ನಿ. ಕಾಲು ಅಪ್ಪಳಿಸುವುದೇ ಡ್ರಿಲ್ ಎಂದು ಮಕ್ಕಳು ತಿಳಿಯುತ್ತಾರೆ. ಸಿಮೆಂಟ್ ನೆಲದಲ್ಲಿ, ತೆಳು ಅಟ್ಟೆಯ ಶೂ ಹಾಕಿ, ಜನವರಿ 26ಕ್ಕೆ ಮುಂಚೆ ಹದಿನೈದು ದಿನ ಎರಡೆರಡು ಗಂಟೆ ಅಪ್ಪಳಿಸಿದರೆ ಮುಂಗಾಲ ಮೂಳೆಯ ಉದ್ದಕ್ಕೂ ನೋವು ಬರುತ್ತದೆ. ಉದ್ದಕ್ಕೂ ಹರಡಿದ ನೋವಾದರೆ ವಿಶ್ರಾಂತಿ ಸಾಕಾಗಬಹುದು. ಬೆರಳಿಟ್ಟು ತೋರಿಸುವಷ್ಟು ಒಂದೇ ಕಡೆ ನೋವಿದ್ದರೆ, ರಾತ್ರಿಯೂ ನೋಯುತ್ತಿದ್ದರೆ, ಮೂಳೆಯಲ್ಲಿ ಕೂದಲೆಳೆಯ ಬಿರುಕು ಇರಬಹುದು. ಆ ಮಗುವನ್ನು ಪೆರೇಡ್‌ನಿಂದ ತೆಗೆದು ವೈದ್ಯರಿಗೆ ತೋರಿಸಬೇಕು. ತಾಲೀಮನ್ನು ಮಣ್ಣಿನ ನೆಲದಲ್ಲಿ, ದಿನಕ್ಕೆ 40 ನಿಮಿಷಕ್ಕೆ ಮೀರದಂತೆ, ಐದು ವಾರಕ್ಕೆ ಹರಡಿ ಮಾಡಿದರೆ ಇದರಲ್ಲಿ ಬಹುಪಾಲು ತಪ್ಪುತ್ತದೆ.

ಧ್ವಜಾರೋಹಣದ ಭಾಷಣಗಳ ಹೊತ್ತಿಗೆ ಕೆಡೆಟ್‌ಗಳು ಬೀಳುವುದಕ್ಕೂ ಕಾರಣ ಸರಳ. ಮೊಣಕಾಲನ್ನು ಹಿಂದಕ್ಕೆ ಒತ್ತಿ ಬಿಗಿಯಾಗಿ ನಿಂತಾಗ ಮೀನಖಂಡದ ಸ್ನಾಯು ಕೆಲಸ ಮಾಡುವುದಿಲ್ಲ, ರಕ್ತ ಕಾಲಲ್ಲಿ ನಿಲ್ಲುತ್ತದೆ, ತಲೆಗೆ ಹೋಗುವುದು ಕಡಿಮೆಯಾಗುತ್ತದೆ. ಬೆಳಗ್ಗೆ ಏನೂ ತಿನ್ನದೆ ಬಂದಿದ್ದರೆ ಇನ್ನೂ ಬೇಗ. ಮಂಡಿಯನ್ನು ಬಿಗಿಯದೆ, ಶೂ ಒಳಗೆ ಕಾಲ್ಬೆರಳು ಮಡಚಿ ಬಿಡುತ್ತ, ಮೀನಖಂಡ ಬಿಗಿದು ಸಡಿಲಿಸುತ್ತ ನಿಲ್ಲಲು ಕಲಿಸಬೇಕು. ಹೊರಗಿನಿಂದ ನೋಡುವವರಿಗೆ ಏನೂ ಕಾಣುವುದಿಲ್ಲ. ಕಣ್ಣು ಕತ್ತಲಿಟ್ಟರೆ ಸಾಲು ಬಿಟ್ಟು ಕುಳಿತುಕೊಳ್ಳಲು ಅನುಮತಿ ಇದೆಯೆಂದು ಮುಂಚೆಯೇ ಹೇಳಿರಬೇಕು. ನಾಚಿಕೆಗೆ ತಡೆದುಕೊಂಡು ನಿಂತ ಮಗುವೇ ಮುಖ ಅಡಿಯಾಗಿ ಬಿದ್ದು ಹಲ್ಲು ಮುರಿದುಕೊಳ್ಳುವುದು. ಬಿದ್ದವರನ್ನು ಎಬ್ಬಿಸಿ ನಿಲ್ಲಿಸಬಾರದು, ಮಲಗಿಸಿ ಕಾಲು ಎತ್ತರಿಸಬೇಕು. ಮುಖ್ಯ ಅತಿಥಿಗಳ ಭಾಷಣ ಹತ್ತು ನಿಮಿಷ ಮೀರುವುದಾದರೆ ತುಕಡಿಯನ್ನು ವಿಶ್ರಾಮ್‌ಗೆ ತರುವ ಅಧಿಕಾರ ಎನ್‌ಸಿಸಿ ಅಧಿಕಾರಿಗೇ ಇರಲಿ.

ವಾರ್ಷಿಕ ಶಿಬಿರ ಹತ್ತು ದಿನದ್ದು. ಅನೇಕ ಮಕ್ಕಳಿಗೆ ಮನೆ ಬಿಟ್ಟು ಮಲಗುವುದು ಅದೇ ಮೊದಲು. ಉಬ್ಬಸ, ಅಪಸ್ಮಾರ, ಯಾವ ಔಷಧಿ ಆಗುವುದಿಲ್ಲ ಎಂಬುದನ್ನು ಪೋಷಕರಿಂದ ಬರೆಸಿಕೊಂಡು ಒಂದು ಪ್ರತಿ ಮಗುವಿನ ಬಳಿ, ಒಂದು ಪ್ರತಿ ಜೊತೆಗೆ ಹೋಗುವ ಶಿಕ್ಷಕರ ಬಳಿ ಇರಬೇಕು. ಹೊಸ ಬೂಟನ್ನು ಶಿಬಿರದ ದಿನವೇ ಹಾಕಿಸಬಾರದು. ಎರಡು ವಾರ ಮುಂಚಿನಿಂದ ದಿನಾ ಒಂದು ಗಂಟೆ ಹಾಕಿ ಹದ ಮಾಡಿರಬೇಕು, ಇಲ್ಲವಾದರೆ ಎರಡನೇ ದಿನಕ್ಕೆ ಹಿಮ್ಮಡಿಯಲ್ಲಿ ಗುಳ್ಳೆ. ಕಾಲುಚೀಲ ಕನಿಷ್ಠ ನಾಲ್ಕು ಜೊತೆ ಬೇಕು.

ಎನ್‌ಸಿಸಿ ನಿಂತುಹೋಗುವ ಶಾಲೆಗಳಲ್ಲಿ ಕಾರಣ ಮಕ್ಕಳದ್ದಲ್ಲ. ನಾಗಪುರದ ಬಳಿಯ ಕಾಂಪ್ಟಿಯಲ್ಲೋ ಗ್ವಾಲಿಯರ್‌ನಲ್ಲೋ ತರಬೇತಿ ಪಡೆದು ಬಂದ ಒಬ್ಬ ಎಎನ್‌ಒ (ಎನ್‌ಸಿಸಿ ನೋಡಿಕೊಳ್ಳುವ ಶಿಕ್ಷಕ ಅಧಿಕಾರಿ) ಮೇಲೆ ಇಡೀ ತುಕಡಿ ನಿಂತಿರುತ್ತದೆ. ಅವರಿಗೆ ವರ್ಗಾವಣೆಯಾದ ದಿನ ತುಕಡಿಗೆ ಅಧಿಕಾರಿ ಇಲ್ಲ. ತರಬೇತಿ ಪಡೆದ ಶಿಕ್ಷಕರು ಹೋದ ಹೊಸ ಶಾಲೆಯಲ್ಲಿ ಎನ್‌ಸಿಸಿಯೇ ಇಲ್ಲ. ಎರಡೂ ಕಡೆ ನಷ್ಟ. ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಎಎನ್‌ಒ ಶಿಕ್ಷಕರಿಗೆ ಎನ್‌ಸಿಸಿ ಇರುವ ಶಾಲೆಗಳನ್ನು ಮೊದಲು ತೋರಿಸುವುದು, ಮತ್ತು ಪ್ರತಿ ತುಕಡಿಗೆ ಎರಡನೇ ಶಿಕ್ಷಕರೊಬ್ಬರನ್ನು ಮುಂಚಿತವಾಗಿ ಹೆಸರಿಸಿ ತರಬೇತಿಗೆ ಕಳಿಸುವುದು, ಇವೆರಡು ಆದರೆ ಸಾಕು. ಇಲಾಖೆ ಮತ್ತು ನಿರ್ದೇಶನಾಲಯ ಒಂದೇ ಮೇಜಿಗೆ ಕುಳಿತು ಮಾಡಬೇಕಾದ ಕೆಲಸ ಇದು, ಯಾವ ಮುಖ್ಯ ಶಿಕ್ಷಕರ ಕೈಯಲ್ಲೂ ಇಲ್ಲ.

ವೃತ್ತಿ ಮಾರ್ಗದರ್ಶನದಲ್ಲಿ ಮೊದಲು ನಿಲ್ಲಬೇಕಾದದ್ದು ಉತ್ಪ್ರೇಕ್ಷೆ. ‘ಎನ್‌ಸಿಸಿ ಸೇರಿದರೆ ಮಿಲಿಟರಿ ಕೆಲಸ ಗ್ಯಾರಂಟಿ’ ಎಂದು ಮಕ್ಕಳಿಗೆ ಹೇಳುವುದು ಸುಳ್ಳು. ‘ಎ’ ಸರ್ಟಿಫಿಕೇಟ್ ಒಂದರಿಂದ ಕೆಲಸ ಸಿಗುವುದಿಲ್ಲ. ಸೇನಾ ಅಧಿಕಾರಿಯಾಗಲು ಇರುವ ಎನ್‌ಸಿಸಿ ವಿಶೇಷ ಪ್ರವೇಶಕ್ಕೆ ಬೇಕಾದದ್ದು ‘ಸಿ’ ಸರ್ಟಿಫಿಕೇಟ್, ಅದೂ ಕನಿಷ್ಠ ‘ಬಿ’ ಗ್ರೇಡ್, ಜೊತೆಗೆ ಪದವಿ. ಆಮೇಲೂ ಎಸ್‌ಎಸ್‌ಬಿ (ಸೇನಾ ಆಯ್ಕೆ ಮಂಡಳಿ) ಸಂದರ್ಶನ ಗೆಲ್ಲಬೇಕು. ‘ಸಿ’ಗೆ ದಾರಿ ಕಾಲೇಜಿನ ಹಿರಿಯ ವಿಭಾಗದಲ್ಲಿದೆ, ಆದ್ದರಿಂದ ಎನ್‌ಸಿಸಿ ಇರುವ ಕಾಲೇಜನ್ನೇ ಹುಡುಕಿ ಸೇರಬೇಕು ಎಂಬುದು ನಿಜವಾದ ಮಾರ್ಗದರ್ಶನ. ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಬಗ್ಗೆಯೂ ಹಾಗೆಯೇ. ಭೂಸೇನೆಗೆ ಪಿಯುಸಿಯ ಯಾವ ವಿಭಾಗವಾದರೂ ಆದೀತು, ವಾಯುಪಡೆ ಮತ್ತು ನೌಕಾಪಡೆಗೆ ವಿಜ್ಞಾನ ವಿಭಾಗದ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಬೇಕು. ಆದರೆ ಪ್ರವೇಶ ಪರೀಕ್ಷೆಯಲ್ಲಿ ಗಣಿತದ ಪತ್ರಿಕೆ ಎಲ್ಲರಿಗೂ ಇದೆ, ಕಲಾ ವಿಭಾಗದವರಿಗೂ. ಇದನ್ನು ಹೇಳದೆ ‘ಯಾವುದಾದರೂ ನಡೆಯುತ್ತದೆ’ ಎಂದರೆ ಅರ್ಧ ಸತ್ಯ. ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಗಂಡಸರಿಗೆ 1600 ಮೀಟರ್ ಓಟವಿದೆ. ಹತ್ತನೇ ತರಗತಿಯಲ್ಲಿ ಆಟದ ಪೀರಿಯಡ್ ಕಿತ್ತುಕೊಂಡ ಮಗುವಿಗೆ ಮೂರು ವರ್ಷದ ನಂತರ ಅದು ಎದುರಾಗುತ್ತದೆ.

ಎಂಟನೇ ತರಗತಿಯಲ್ಲಿ ವೃತ್ತಿ ಆರಿಸಲು ಮಗುವನ್ನು ಒತ್ತಾಯಿಸಬೇಕಿಲ್ಲ. ಮಾಡಬೇಕಾದದ್ದು ಮೂರು ಕೆಲಸ. ಹೆತ್ತವರ ಕಸುಬು ಬಿಟ್ಟು ಬೇರೆ ಕಸುಬಿನ ಇಬ್ಬರನ್ನು ಮಗು ಮಾತಾಡಿಸಬೇಕು. ಏನು ಓದಿದಿರಿ, ದಿನದಲ್ಲಿ ಏನು ಮಾಡುತ್ತೀರಿ, ಈ ಕೆಲಸದಲ್ಲಿ ಕಷ್ಟ ಯಾವುದು ಎಂದು ಕೇಳಿ ಒಂದು ಪುಟ ಬರೆಯಬೇಕು. ಹತ್ತಿರದ ಐಟಿಐ ಅಥವಾ ಪಾಲಿಟೆಕ್ನಿಕ್‌ಗೆ ಒಂದು ದಿನ ಹೋಗಿ ವರ್ಕ್‌ಶಾಪ್ ನೋಡಬೇಕು; ಲೇತ್ ಮುಂದೆ ನಿಂತಾಗ ಬರುವ ಪ್ರಶ್ನೆ ಸಭಾಂಗಣದಲ್ಲಿ ಬರುವುದಿಲ್ಲ. ಮೂರನೆಯದು, ಈ ವರ್ಷದ ನಿಜವಾದ ಒಂದು ಅರ್ಜಿಯನ್ನು, ಎನ್‌ಎಂಎಂಎಸ್‌ನದ್ದೇ ಆಗಲಿ, ಶಿಕ್ಷಕರ ಮುಂದೆ ತಾನೇ ತುಂಬಬೇಕು. ಖಾಸಗಿ ಕಾಲೇಜಿನವರು ಬಂದು ಪ್ರೊಜೆಕ್ಟರ್ ಹಾಕಿ ಪೆನ್ನು ಹಂಚಿ ಹೋಗುವುದನ್ನು ವೃತ್ತಿ ಮಾರ್ಗದರ್ಶನವೆಂದು ವರದಿ ಮಾಡುವುದನ್ನು ಇಲಾಖೆ ಒಪ್ಪಬಾರದು.

ಹತ್ತನೇ ತರಗತಿಗೆ ಬಂದಾಗ ಹೇಳಬೇಕಾದದ್ದು ದಾರಿಗಳ ನಡುವಿನ ಕೊಂಡಿಗಳು. ಮೂರು ವರ್ಷದ ಡಿಪ್ಲೊಮಾ ಮುಗಿಸಿದವರು ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಸೇರಬಹುದು. ಎರಡು ವರ್ಷದ ಐಟಿಐ ಮುಗಿಸಿದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ಪ್ರವೇಶವಿದೆ. ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದವರಿಗೆ ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವ ಅವಕಾಶವಿದೆ. ವೆಲ್ಡರ್, ವೈರ್‌ಮನ್‌ನಂಥ ಕೆಲವು ಟ್ರೇಡ್‌ಗಳಿಗೆ ಎಂಟನೇ ತರಗತಿ ಪಾಸಾದವರೂ ಅರ್ಹರು. ಫಲಿತಾಂಶದ ಮರುದಿನ ಫೇಲಾದ ಮಗುವಿನ ಮನೆಗೆ ಹೋಗಿ ಇದನ್ನು ಹೇಳುವ ಶಿಕ್ಷಕರೊಬ್ಬರ ಹೆಸರು ಮಾರ್ಚ್‌ನಲ್ಲೇ ನಿಗದಿಯಾಗಿರಬೇಕು. ಸಿಇಟಿಯಲ್ಲಿ ಕ್ರೀಡೆ ಮತ್ತು ಎನ್‌ಸಿಸಿಗೆ ವಿಶೇಷ ಪ್ರವರ್ಗವಿದೆ, ಅಲ್ಲಿ ಮೂಲ ಪ್ರಮಾಣಪತ್ರ ನೋಡುತ್ತಾರೆ. ತಾಲ್ಲೂಕು, ಜಿಲ್ಲೆ, ರಾಜ್ಯ ಮಟ್ಟದ ಪ್ರತಿ ಪ್ರಮಾಣಪತ್ರವನ್ನೂ ಸಹಿ, ಮೊಹರು, ದಿನಾಂಕ, ಹೆಸರಿನ ಕಾಗುಣಿತ ನೋಡಿಯೇ ಮೈದಾನದಿಂದ ಹೊರಡಬೇಕು.

ಇಲಾಖೆಯಿಂದ ನಾವು ಕೇಳುವುದು ಮೇ ತಿಂಗಳೊಳಗೆ ಒಂದು ಸುತ್ತೋಲೆ. ಅದರಲ್ಲಿ ಎಂಟನೇ ತರಗತಿಯ ಮೊದಲ ಆರು ವಾರಕ್ಕೆ ದಾಖಲೆ ಪರಿಶೀಲನೆ, ದೈಹಿಕ ಪರೀಕ್ಷೆ, ಎನ್‌ಸಿಸಿ ನೋಂದಣಿ, ಆ ವರ್ಷದ ಎಲ್ಲ ಪರೀಕ್ಷೆಗಳ ಅರ್ಜಿ ದಿನಾಂಕ ಇವುಗಳ ವಾರವಾರದ ವೇಳಾಪಟ್ಟಿ ಇರಲಿ. ಆಟದ ಪೀರಿಯಡ್ಡನ್ನು ಬೇರೆ ವಿಷಯಕ್ಕೆ ಕೊಟ್ಟರೆ ಅದೇ ವಾರ ಮರಳಿಸಬೇಕೆಂಬ ನಿಯಮ ಹತ್ತನೇ ತರಗತಿಗೂ ಇರಲಿ. ಕ್ರೀಡಾ ಅನುದಾನ ಜೂನ್‌ನಲ್ಲಿ ಬಿಡುಗಡೆಯಾಗಲಿ. ಎನ್‌ಸಿಸಿ ಸಿಗದ ಶಾಲೆಗಳಲ್ಲಿ ಅದೇ ಶನಿವಾರದ ಅವಧಿಯನ್ನು ಸ್ಕೌಟ್ಸ್ ಮತ್ತು ಗೈಡ್ಸ್‌ಗೆ ಕೊಡಲಿ. ದೈಹಿಕ ಶಿಕ್ಷಕರ ಹುದ್ದೆ ಖಾಲಿ ಇರುವ ಶಾಲೆಗಳ ಮೈದಾನ ಗುರುತು ಹಾಕಿಕೊಡಲು, ಸಾಮರ್ಥ್ಯ ಪರೀಕ್ಷೆಯ ದಿನ ಬಂದು ನಿಲ್ಲಲು, ಒಂದು ಹಾಳೆಯ ದಾಖಲೆ ನಮೂನೆ ಮಾಡಿಕೊಡಲು ನಾವು ಸಿದ್ಧರಿದ್ದೇವೆ. ಕ್ಲಸ್ಟರ್‌ಗೆ ಒಂದು ದಿನದ ಅನ್ಯಕಾರ್ಯ ನಿಮಿತ್ತ ರಜೆ ಮಂಜೂರಾದರೆ ಸಾಕು.

ಇತಿ,
ಪ್ರೌಢಶಾಲಾ ದೈಹಿಕ ಶಿಕ್ಷಣ ಶಿಕ್ಷಕರು, ಎನ್‌ಸಿಸಿ ಅಧಿಕಾರಿಗಳು ಮತ್ತು ವೃತ್ತಿ ಮಾರ್ಗದರ್ಶಕ ಶಿಕ್ಷಕರು